ಮೊದಲ ಸಲ ಫ್ಯಾಮಿಲಿ ಕ್ವಾರ್ಟರ್ಸ್‌ಗೆ ಹೊರಟ ತಂಗಿಗೆ

ಪ್ರಶ್ನೆ: ಅಕ್ಕ, ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನ್ರು ಸೇನೆಯಲ್ಲಿದ್ದಾರೆ, ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ನಾಯಕ್. ಮದುವೆಯಾಗಿ ಏಳು ವರ್ಷ ಆಯ್ತು. ಅವರು ಜಾಸ್ತಿ ಸಂಸಾರ ಕರ್ಕೊಂಡು ಹೋಗೋಕಾಗದ ಫೀಲ್ಡ್‌ನಲ್ಲೇ ಇದ್ದಿದ್ದರಿಂದ ನಾನು, ಮಗಳು ಊರಲ್ಲೇ ಅತ್ತೆ ಜೊತೆ ಇದ್ದೀವಿ. ಈಗ ಉತ್ತರ ಭಾರತದಲ್ಲಿ ಸಂಸಾರ ಜೊತೆಗಿರಬಹುದಾದ ಒಂದು ಸೇನಾ ನೆಲೆಗೆ, ಅಂದ್ರೆ ಪೀಸ್ ಸ್ಟೇಷನ್‌ಗೆ ಪೋಸ್ಟಿಂಗ್ ಬಂದಿದೆ. ಕ್ವಾರ್ಟರ್ಸ್ ಸಿಗುತ್ತೆ, ಎರಡು ತಿಂಗಳಲ್ಲಿ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ನನಗೆ ಖುಷಿಗಿಂತ ಭಯ ಜಾಸ್ತಿ. ಹಿಂದಿ ಬರಲ್ಲ. ಬೆಂಗಳೂರು, ತಿರುಪತಿ ಬಿಟ್ಟರೆ ಬೇರೆ ಊರು ನೋಡಿಲ್ಲ. ಮಗಳಿಗೆ ಐದೂವರೆ ವರ್ಷ, ಸ್ಕೂಲಿಗೆ ಏನು ಮಾಡೋದು? ಅವರು ಎಕ್ಸರ್‌ಸೈಜ್‌ಗೆ (ಯುದ್ಧದ ತಾಲೀಮಿಗೆ) ಹೋದಾಗ ಒಬ್ಬಳೇ ಹೇಗಿರಲಿ? ಅತ್ತೆಗೆ ಶುಗರ್ ಇದೆ, ಅವರನ್ನ ಬಿಟ್ಟು ಹೋಗೋದು ಸರೀನಾ ಅನ್ನೋ ಯೋಚನೆ ಬೇರೆ. ಏನೇನು ತಗೊಂಡು ಹೋಗಬೇಕು, ಹೋದ ಮೇಲೆ ಮೊದಲು ಏನು ಮಾಡಬೇಕು, ದಯವಿಟ್ಟು ಹೇಳಿ.

ಉತ್ತರ:

ತಂಗಿ, ನಿಮ್ಮ ಪತ್ರದಲ್ಲಿ ಸ್ಟೇಷನ್ ಹೆಸರು, ಯೂನಿಟ್ ನಂಬರು, ಹೊರಡುವ ತಾರೀಕು ಮೂರೂ ಇದ್ದವು. ಮೂರನ್ನೂ ನಾನು ತೆಗೆದಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನೂ ಕೋಲಾರ ಜಿಲ್ಲೆಯವಳೇ. ನಮ್ಮ ಯಜಮಾನರು ಸುಬೇದಾರ್ ಆಗಿ ರಿಟೈರ್ ಆದರು. ಅವರ ಜೊತೆ ಹದಿನೇಳು ವರ್ಷ, ಆರು ಸ್ಟೇಷನ್ ಸುತ್ತಿದ್ದೇನೆ. ಕೊನೆಯ ಎರಡು ಕಡೆ, ಹೊಸದಾಗಿ ಬಂದ ಸಂಸಾರಗಳಿಗೆ ದಾರಿ ತೋರಿಸುವ ಕೆಲಸವನ್ನು ವೆಲ್ಫೇರ್ ಸೆಂಟರ್‌ನಲ್ಲಿ ನನಗೇ ಒಪ್ಪಿಸಿದ್ದರು. ಹಾಗಾಗಿ ಬೇಗ ಹೊಂದಿಕೊಂಡವರನ್ನೂ ನೋಡಿದ್ದೇನೆ, ಎರಡು ವರ್ಷ ಆದರೂ ಸಂಜೆ ಹೊತ್ತು ಬಾಗಿಲಲ್ಲಿ ಕೂತು ಊರನ್ನೇ ನೆನೆಯುತ್ತಿದ್ದವರನ್ನೂ ನೋಡಿದ್ದೇನೆ. ವ್ಯತ್ಯಾಸ ಇಷ್ಟೇ. ಮೊದಲ ತಿಂಗಳಲ್ಲಿ ಆಸ್ಪತ್ರೆ, ಕ್ಯಾಂಟೀನ್ (ಸೇನೆಯ ಅಂಗಡಿ), ಸ್ಕೂಲು, ಮನೆ ರಿಪೇರಿ ನೋಡುವ ಎಂಇಎಸ್ ಆಫೀಸು, ಎಲ್ಲ ಕಡೆಗೂ ತಾನೇ ಹೋಗಿ ಬಂದವಳು ಆಮೇಲೆ ಆರಾಮಾಗಿ ಇರುತ್ತಾಳೆ. ಗಂಡನೇ ಎಲ್ಲ ತಂದುಕೊಟ್ಟ ಮನೆಯಲ್ಲಿ, ಅವರು ಎಕ್ಸರ್‌ಸೈಜ್‌ಗೆ ಹೋದ ದಿನ ಗ್ಯಾಸ್ ಮುಗಿದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಗೊತ್ತಿರುವುದಿಲ್ಲ.

ಅದಕ್ಕೇ ನಿಮ್ಮ ಯಜಮಾನರಿಗೆ ಈಗಲೇ ಹೇಳಿಬಿಡಿ: "ಮೊದಲ ಸಲ ನೀವು ಜೊತೆಗೆ ಬನ್ನಿ. ಎರಡನೇ ಸಲ ನಾನೇ ಹೋಗ್ತೀನಿ." ಕೆಳಗೆ ಹೇಳುವುದೆಲ್ಲ ಈ ಮಾತಿಗೆ ಬೇಕಾದ ತಯಾರಿ.

ಮೊದಲ ಕೆಲಸ ಊರಲ್ಲೇ ಇದೆ, ಅದು ಕಾಗದದ ಕೆಲಸ. ಇವತ್ತು ಸಂಜೆ ಚಾಪೆ ಹಾಸಿಕೊಂಡು ನಿಮ್ಮ ಆಧಾರ್, ಮಾರ್ಕ್ಸ್ ಕಾರ್ಡ್, ವೋಟರ್ ಐಡಿ, ಮದುವೆ ಸರ್ಟಿಫಿಕೇಟ್, ಮಗಳ ಜನನ ಪತ್ರ, ಮಗಳ ಆಧಾರ್, ಎಲ್ಲವನ್ನೂ ಪಕ್ಕಪಕ್ಕ ಇಡಿ. ನಿಮ್ಮ ಹೆಸರನ್ನು ಒಂದೊಂದರಲ್ಲೂ ಅಕ್ಷರ ಅಕ್ಷರ ಓದಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ, ಇನಿಷಿಯಲ್ ನೋಡಿ, ಹುಟ್ಟಿದ ತಾರೀಕು ನೋಡಿ. ಆಮೇಲೆ ಯಜಮಾನರಿಗೆ ಫೋನ್ ಮಾಡಿ, "ಪಾರ್ಟ್ ಟು ಆರ್ಡರ್‌ನಲ್ಲಿ ನನ್ನ ಹೆಸರು, ಮಗಳ ಹೆಸರು ಹೇಗಿದೆ, ಹಾಗೇ ಓದಿ ಹೇಳಿ" ಅನ್ನಿ.

ಪಾರ್ಟ್ ಟು ಆರ್ಡರ್ ಅಂದರೆ ಏನು ಅಂತ ಗೊತ್ತಿಲ್ಲದೆ ಎಷ್ಟೋ ಜನ ಕಷ್ಟಪಟ್ಟಿದ್ದಾರೆ. ಸೈನಿಕನ ಮದುವೆ ಆದದ್ದು, ಮಗು ಹುಟ್ಟಿದ್ದು, ಹೆಸರು ಬದಲಾದದ್ದು, ಇವೆಲ್ಲ ಯೂನಿಟ್ ಹೊರಡಿಸುವ ಈ ಆದೇಶದಲ್ಲಿ ಬರಬೇಕು. ಅದು ರೆಕಾರ್ಡ್ಸ್ ಆಫೀಸಿಗೆ ಹೋಗಿ ಅಲ್ಲಿ ದಾಖಲಾಗುತ್ತದೆ. ಎಂಇಜಿಯವರ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇದೆ. ಊರೆಲ್ಲ ಬಂದು ಅಕ್ಷತೆ ಹಾಕಿದ್ದರೂ ಪಾರ್ಟ್ ಟುನಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಸೇನೆಯ ಲೆಕ್ಕದಲ್ಲಿ ನೀವು ಅವರ ಹೆಂಡತಿ ಅಂತ ದಾಖಲೆಯೇ ಇಲ್ಲ. ಡಿಪೆಂಡೆಂಟ್ ಕಾರ್ಡ್ (ಸೈನಿಕನ ಮನೆಯವರ ಗುರುತಿನ ಚೀಟಿ), ಆಸ್ಪತ್ರೆ, ಕ್ವಾರ್ಟರ್ಸ್, ನಾಳೆ ಪೆನ್ಷನ್, ಎಲ್ಲ ಈ ಒಂದು ದಾಖಲೆಯ ಮೇಲೆ ನಿಂತಿದೆ.

ಹೆಸರಿನ ತೊಂದರೆ ನಮ್ಮ ಕಡೆಯವರಿಗೆ ಜಾಸ್ತಿ. ನಮಗೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಮದುವೆಗೆ ಮುಂಚೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನ ಇನಿಷಿಯಲ್. ನನ್ನ ಕಥೆ ಹೇಳುತ್ತೇನೆ ಕೇಳಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇತ್ತು. ವೋಟರ್ ಐಡಿಯಲ್ಲಿ ಗಂಡನದು. ಯೂನಿಟ್ ದಾಖಲೆಯಲ್ಲಿ ಇನಿಷಿಯಲ್ಲೇ ಇಲ್ಲ, ಹೆಸರಿನ ಕೊನೆಗೆ 'ದೇವಿ' ಅಂತ ಸೇರಿತ್ತು. ಉತ್ತರದ ಕಡೆ ಹೆಣ್ಣುಮಕ್ಕಳ ಹೆಸರಿಗೆ ದೇವಿ ಸೇರಿಸುವುದು ರೂಢಿ, ಬರೆದವರು ಅಭ್ಯಾಸದ ಮೇಲೆ ಬರೆದುಬಿಟ್ಟಿದ್ದರು. ಮಗ ಹುಟ್ಟಿದಾಗ ಆಸ್ಪತ್ರೆ ಕೊಟ್ಟ ಕಾಗದದಲ್ಲಿ ತಾಯಿಯ ಹೆಸರು ಒಂದು, ದಾಖಲೆಯಲ್ಲಿ ಇನ್ನೊಂದು. ಅದು ಸರಿಯಾಗಲು ಎಂಟು ತಿಂಗಳು ಹಿಡಿಯಿತು. ಕೈಗೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನೋಟರಿ ಬಾಗಿಲಿಗೆ ಎಷ್ಟು ಸಲ ಅಲೆದೆ ಅನ್ನುವುದನ್ನು ನಾನು ಮರೆತಿಲ್ಲ. ನಿಮಗೆ ಅದು ಬೇಡ.

ವ್ಯತ್ಯಾಸ ಕಂಡರೆ ಯೂನಿಟ್‌ನ ಹೆಡ್ ಕ್ಲರ್ಕ್ ಹತ್ತಿರ ಯಜಮಾನರು ಕೇಳಲಿ. ಯಾವ ಕಾಗದವನ್ನು ಯಾವುದಕ್ಕೆ ಹೊಂದಿಸಬೇಕು ಅಂತ ಅವರು ಹೇಳಿದ ಮೇಲೆಯೇ ಆಧಾರ್ ತಿದ್ದಿಸಿ. ಅವಸರಪಟ್ಟು ಆಧಾರ್ ಮೊದಲು ಬದಲಾಯಿಸಿದರೆ ಇನ್ನೊಂದು ಕಡೆ ತಪ್ಪುತ್ತದೆ. ಮದುವೆ ರಿಜಿಸ್ಟರ್ ಆಗಿಲ್ಲದಿದ್ದರೆ, ಅವರು ಮುಂದಿನ ಸಲ ರಜೆಗೆ ಬಂದಾಗ ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ ಮುಗಿಸಿಬಿಡಿ. ಸೇನೆಗೆ ಸೇರುವಾಗ ಮನೆಯವರ ಪಟ್ಟಿ ಕೊಟ್ಟಿರುತ್ತಾರೆ, ಅದಕ್ಕೆ ಕಿಂಡ್ರೆಡ್ ರೋಲ್ ಅನ್ನುತ್ತಾರೆ. ಮದುವೆಯಾದ ಮೇಲೆ ಅದರಲ್ಲಿ ನಿಮ್ಮ ಹೆಸರು ಸೇರಿದೆಯಾ, ನಾಮಿನಿ ಯಾರು ಅಂತ ಇದೆ, ಅದನ್ನೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಇದು ಅಪಶಕುನದ ಮಾತಲ್ಲ, ಸಂಸಾರದ ಮಾತು.

ಎಲ್ಲ ಕಾಗದದ್ದೂ ಜೆರಾಕ್ಸ್ ಹತ್ತತ್ತು ಪ್ರತಿ, ಪಾಸ್‌ಪೋರ್ಟ್ ಸೈಜ್ ಫೋಟೋ, ಗಂಡ ಹೆಂಡತಿ ಜೊತೆಗಿರುವ ಜಾಯಿಂಟ್ ಫೋಟೋ, ಮಗಳ ಲಸಿಕೆ ಬರೆದಿರುವ ತಾಯಿ ಕಾರ್ಡ್. ಇವೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ನಿಮ್ಮ ಕೈಚೀಲದಲ್ಲೇ ಇರಲಿ. ಟ್ರಂಕ್‌ಗೆ ಹಾಕಬೇಡಿ.

ಇನ್ನು ಮನೆ. "ಕ್ವಾರ್ಟರ್ಸ್ ಸಿಗುತ್ತೆ" ಅನ್ನುವುದಕ್ಕೂ ಕೀ ಕೈಗೆ ಬರುವುದಕ್ಕೂ ನಡುವೆ ಎಷ್ಟೋ ವಾರ ಹೋಗಬಹುದು. ಸರದಿ ಪಟ್ಟಿ ಇರುತ್ತದೆ, ಮನೆ ಖಾಲಿ ಆದ ಹಾಗೆ ಕೊಡುತ್ತಾರೆ. ಅಲ್ಲಿಯವರೆಗೆ ಹೊರಗೆ ಬಾಡಿಗೆ ಮನೆ ಮಾಡಬಹುದು, ಅದಕ್ಕೆ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ ಬರುತ್ತದೆ. ಆದರೆ ಭಾಷೆ ಬರದೆ, ಪುಟ್ಟ ಮಗು ಕಟ್ಟಿಕೊಂಡು, ಗೊತ್ತಿಲ್ಲದ ಊರಿನ ಬಾಡಿಗೆ ಮನೆಯಲ್ಲಿ ಶುರು ಮಾಡುವುದು ನನಗೆ ಇಷ್ಟವಿಲ್ಲ. ಕೀ ಬಂದ ಮೇಲೆ ಹೊರಡಿ. ಒಂದು ತಿಂಗಳು ತಡವಾದರೆ ಏನೂ ಆಗುವುದಿಲ್ಲ. ಟಿಕೆಟ್, ಸಾಮಾನು ಸಾಗಿಸಿದ ರಸೀದಿ ಇಟ್ಟುಕೊಳ್ಳಿ. ವರ್ಗ ಆದಾಗ ಮೂಲ ವೇತನದ 80% ಟ್ರಾನ್ಸ್‌ಫರ್ ಗ್ರಾಂಟ್ ಸಿಗುತ್ತದೆ, ಸಾಮಾನಿನ ಖರ್ಚು ಬೇರೆ. ಎಷ್ಟೋ ಹುಡುಗರು ಕ್ಲೈಮ್ ಹಾಕಲು ಸೋಮಾರಿತನ ಮಾಡುತ್ತಾರೆ, ನೀವು ನೆನಪಿಸಿ.

ಕೀ ತಗೊಳ್ಳುವ ದಿನಕ್ಕೆ ಮಾರ್ಚ್ ಇನ್ ಅನ್ನುತ್ತಾರೆ. ಅವತ್ತು ಮನೆಯಲ್ಲಿ ಏನೇನಿದೆ ಅನ್ನುವ ಪಟ್ಟಿ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಫ್ಯಾನ್ ಎಷ್ಟು, ಬಲ್ಬ್ ಹೋಲ್ಡರ್ ಎಷ್ಟು, ನಲ್ಲಿ, ಗಾಜು, ಚಿಲಕ, ಸಿಂಕ್, ಕೊಟ್ಟಿದ್ದರೆ ಮಂಚ ಮೇಜು. ನನ್ನ ಮೊದಲ ಮನೆಯಲ್ಲಿ ನಾವು ಪಟ್ಟಿ ಓದದೆ ಸಹಿ ಹಾಕಿದೆವು. ಮೂರು ದಿನದ ರೈಲು ಪ್ರಯಾಣ ಮಾಡಿ ಬಂದಿದ್ದೆವು, ಒಮ್ಮೆ ಬೆನ್ನು ಚಾಚಿದರೆ ಸಾಕಾಗಿತ್ತು. ಎರಡೂವರೆ ವರ್ಷದ ನಂತರ ಮನೆ ಬಿಡುವಾಗ, ಬಾತ್‌ರೂಮಿನ ವಾಶ್ ಬೇಸಿನ್ ಸೀಳಿದೆ, ಒಂದು ಫ್ಯಾನಿನ ರೆಗ್ಯುಲೇಟರ್ ಇಲ್ಲ ಅಂತ ದುಡ್ಡು ಹಿಡಿದರು. ಬೇಸಿನ್ ನಾವು ಬಂದ ದಿನವೇ ಸೀಳಿತ್ತು. ಆದರೆ ನಮ್ಮ ಸಹಿ ಇತ್ತಲ್ಲ.

ನೀವು ಪಟ್ಟಿ ಹಿಡಿದು ಕೋಣೆ ಕೋಣೆ ಓಡಾಡಿ. ಪ್ರತಿಯೊಂದು ಸ್ವಿಚ್ ಹಾಕಿ ನೋಡಿ. ಫ್ಲಶ್ ಎಳೆಯಿರಿ. ಅಡಿಗೆ ಮನೆ ಸಿಂಕಿಗೆ ಒಂದು ಬಕೆಟ್ ನೀರು ಸುರಿದು ಎಷ್ಟು ಬೇಗ ಇಳಿಯುತ್ತದೆ ನೋಡಿ. ಕೆಟ್ಟದ್ದು ಕಂಡರೆ ಪಟ್ಟಿಯಲ್ಲೇ ಬರೆಸಿ, ಆಮೇಲೆ ಸಹಿ. ಈ ಕೆಲಸ ಗಂಡಸರಿಗಿಂತ ನಾವೇ ಚೆನ್ನಾಗಿ ಮಾಡುತ್ತೇವೆ. ರಿಪೇರಿ ನೋಡಿಕೊಳ್ಳುವವರು ಎಂಇಎಸ್, ಅಂದರೆ ಮಿಲಿಟರಿ ಎಂಜಿನಿಯರ್ ಸರ್ವೀಸಸ್. ಅವರ ಆಫೀಸಿನಲ್ಲಿ ದೂರಿನ ಪುಸ್ತಕ ಇರುತ್ತದೆ. ಬಾಯಲ್ಲಿ ಹೇಳಿ ಬಂದರೆ ಅದು ಗಾಳಿಗೆ ಹೋಗುತ್ತದೆ. ಬರೆಸಿ, ನಂಬರು ತಗೊಂಡು ಬನ್ನಿ, ಮೂರನೇ ದಿನ ಆ ನಂಬರು ಹೇಳಿ ಮತ್ತೆ ಕೇಳಿ.

ಮೊದಲ ವಾರದಲ್ಲೇ ಡಿಪೆಂಡೆಂಟ್ ಕಾರ್ಡ್ ಮಾಡಿಸಿ. ಆಮೇಲೆ ಯಾರಿಗೂ ಹುಷಾರು ತಪ್ಪದಿದ್ದರೂ ಒಂದು ಸಲ ಎಂಐ ರೂಮ್‌ಗೆ ಹೋಗಿ ಬನ್ನಿ. ಅದು ಯೂನಿಟ್ ಅಥವಾ ಸ್ಟೇಷನ್‌ನ ಚಿಕ್ಕ ದವಾಖಾನೆ. ಜ್ವರ, ಕೆಮ್ಮು, ಹೊಟ್ಟೆನೋವಿಗೆ ಅಲ್ಲೇ ಡಾಕ್ಟರ್ ನೋಡಿ ಮಾತ್ರೆ ಕೊಡುತ್ತಾರೆ. ದೊಡ್ಡದಾದರೆ ಮಿಲಿಟರಿ ಆಸ್ಪತ್ರೆಗೆ, ಅಂದರೆ ಎಂಎಚ್‌ಗೆ ಬರೆದುಕೊಡುತ್ತಾರೆ. ಹೆಂಡತಿ ಮಕ್ಕಳ ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಎಷ್ಟು ಹೊತ್ತಿಗೆ ಹೆಂಗಸರು ಮಕ್ಕಳನ್ನು ನೋಡುತ್ತಾರೆ, ಕಾರ್ಡ್ ಎಲ್ಲಿ ತೋರಿಸಬೇಕು, ಮಾತ್ರೆ ಕೊಡುವ ಕಿಟಕಿ ಯಾವುದು, ಇಷ್ಟು ನೋಡಿಕೊಂಡರೆ ಸಾಕು. ಮಗಳ ಲಸಿಕೆ ಕಾರ್ಡ್ ತೋರಿಸಿ, ಮುಂದಿನದು ಯಾವಾಗ ಅಂತ ಕೇಳಿ, ಹೋಗುವುದಕ್ಕೆ ಅದೇ ಒಂದು ನೆಪ ಆಗುತ್ತದೆ. ರಾತ್ರಿ ಹೊತ್ತು ಏನಾದರೂ ಆದರೆ ಎಂಐ ರೂಮ್ ತೆಗೆಯಲಿ ಅಂತ ಕಾಯುತ್ತಾ ಕೂರಬೇಡಿ, ನೇರವಾಗಿ ಎಂಎಚ್‌ಗೆ. ಯೂನಿಟ್‌ನಲ್ಲಿ ರಾತ್ರಿ ಡ್ಯೂಟಿಯವರು ಇದ್ದೇ ಇರುತ್ತಾರೆ, ಅವರಿಗೆ ಫೋನ್ ಮಾಡಿದರೆ ಗಾಡಿ ಬರುತ್ತದೆ.

ಹಿಂದಿ ಬರಲ್ಲ ಅಂದಿದ್ದೀರಿ. ನೀವು ಮುಳಬಾಗಿಲಿನವರು ತಂಗಿ, ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಒಂದಿಷ್ಟು ತಮಿಳು, ಉರ್ದು ಕೇಳಿಕೊಂಡು ಬೆಳೆದಿರುತ್ತೀರಿ. ಮದ್ರಾಸ್ ಸ್ಯಾಪರ್ಸ್ ಅನ್ನುವ ಎಂಇಜಿ 1780ರಷ್ಟು ಹಳೆಯದು. ಅದರ ಜವಾನರನ್ನು ಸೇನೆಯಲ್ಲಿ ಪ್ರೀತಿಯಿಂದ 'ತಂಬಿ' ಅಂತ ಕರೆಯುತ್ತಾರೆ, ಯಾಕೆಂದರೆ ಅವರೆಲ್ಲ ನಮ್ಮ ದಕ್ಷಿಣದ ಕಡೆಯವರೇ. ಯೂನಿಟ್‌ನ ಕ್ವಾರ್ಟರ್ಸ್ ಸಾಲಿನಲ್ಲಿ ಚಿತ್ತೂರಿನವಳೋ, ವೆಲ್ಲೂರಿನವಳೋ, ಹಾಸನದವಳೋ ಒಬ್ಬಳು ಇದ್ದೇ ಇರುತ್ತಾಳೆ. ಮೊದಲ ವಾರ ಅವಳನ್ನು ಹುಡುಕಿ. ಆದರೆ ಅವಳೊಬ್ಬಳಿಗೇ ಅಂಟಿಕೊಂಡುಬಿಟ್ಟರೆ ಹಿಂದಿ ಬರುವುದೇ ಇಲ್ಲ, ಹಾಗೆ ಐದು ವರ್ಷ ಕಳೆದವರು ನನಗೆ ಗೊತ್ತು.

ಹಿಂದಿ ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಕೆಲಸಕ್ಕೆ ಬೇಕಾದ ಹತ್ತು ಮಾತು ಬಾಯಿಪಾಠ ಮಾಡಿ ಹೊರಡಿ. ಪಾನಿ ನಹೀಂ ಆಯಾ (ನೀರು ಬಂದಿಲ್ಲ). ಕಂಪ್ಲೇಂಟ್ ಲಿಖಾನೀ ಹೈ (ದೂರು ಬರೆಸಬೇಕು). ಬಚ್ಚಿ ಬೀಮಾರ್ ಹೈ (ಮಗಳಿಗೆ ಹುಷಾರಿಲ್ಲ). ಧೀರೇ ಬೋಲಿಯೇ (ನಿಧಾನ ಮಾತಾಡಿ). ಕಿತನೇ ಬಜೇ ಆನಾ ಹೈ (ಎಷ್ಟು ಗಂಟೆಗೆ ಬರಬೇಕು). ಲಿಂಗ ತಪ್ಪುತ್ತದೆ, ತಪ್ಪಲಿ. ಅಲ್ಲಿ ಯಾರೂ ನಗುವುದಿಲ್ಲ, ಯಾಕೆಂದರೆ ಪಕ್ಕದ ಮಣಿಪುರದವಳೂ, ಎದುರು ಮನೆಯ ಮಲಯಾಳಿಯೂ ಹಾಗೇ ಮಾತಾಡುತ್ತಾರೆ. ನಿಮ್ಮನ್ನು 'ಭಾಬೀಜಿ' ಅಂತ ಕರೆಯುತ್ತಾರೆ, ಅಂದರೆ ಅತ್ತಿಗೆ. ಓ ಅನ್ನಿ.

ತಿಂಗಳಿಗೊಮ್ಮೆ ಹೆಂಗಸರ ವೆಲ್ಫೇರ್ ಸಭೆ ಇರುತ್ತದೆ. ಸೇನೆಯ ಹೆಂಗಸರ ಸಂಘಕ್ಕೆ ಎಲ್ಲರೂ 'ಆವಾ' ಅನ್ನುತ್ತಾರೆ, 1966ರಲ್ಲಿ ಶುರುವಾದದ್ದು. ಮೊದಲ ಸಲ ಆ ಹೆಸರು ಕೇಳಿದಾಗ ನನಗೆ ನಮ್ಮ 'ಅವ್ವ' ಅಂದ ಹಾಗೇ ಕೇಳಿಸಿತ್ತು, ಒಂದು ಕ್ಷಣ ಕಣ್ಣು ತುಂಬಿತು. ಸಭೆ ತಪ್ಪಿಸಬೇಡಿ. ಹೊಲಿಗೆ, ಕಂಪ್ಯೂಟರ್ ಕ್ಲಾಸು ಯಾವಾಗ, ಸ್ಕೂಲಿನ ಅರ್ಜಿ ಯಾವಾಗ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಎಲ್ಲ ಸುದ್ದಿ ಅಲ್ಲೇ ಸಿಗುವುದು. ಅಲ್ಲಿ ಸಾಹೇಬರ ಹೆಂಡತಿಯರೂ ಬರುತ್ತಾರೆ. ಕೆಲವರಿಗೆ ಅವರ ಎದುರು ಬಾಯೇ ಬರುವುದಿಲ್ಲ. ರ್‍ಯಾಂಕ್ ಇರುವುದು ಗಂಡಂದಿರಿಗೆ. ದೊಡ್ಡವರಿಗೆ ಕೊಡುವ ಮರ್ಯಾದೆ ಕೊಡಿ, ನಿಮ್ಮ ತೊಂದರೆ ಏನಿದೆಯೋ ಅದನ್ನು ಎದ್ದು ನಿಂತು ಹೇಳಿ. ನಮ್ಮ ಸಾಲಿನಲ್ಲಿ ಸಂಜೆ ದೀಪ ಇಲ್ಲ, ಮಕ್ಕಳು ಟ್ಯೂಷನ್‌ನಿಂದ ಕತ್ತಲಲ್ಲಿ ಬರುತ್ತಾರೆ ಅಂತ ಒಬ್ಬ ಸಿಪಾಯಿಯ ಹೆಂಡತಿ ಅರೆಬರೆ ಹಿಂದಿಯಲ್ಲಿ ಹೇಳಿದಳು. ಆ ವಾರವೇ ಮೂರು ಲೈಟು ಬಂತು.

ಮಗಳ ಸ್ಕೂಲು. ದೊಡ್ಡ ಸ್ಟೇಷನ್‌ಗಳಲ್ಲಿ ಸಾಮಾನ್ಯವಾಗಿ ಕೇಂದ್ರೀಯ ವಿದ್ಯಾಲಯ ಇರುತ್ತದೆ, ಆರ್ಮಿ ಪಬ್ಲಿಕ್ ಸ್ಕೂಲೂ ಇರುತ್ತದೆ. ಪದೇಪದೇ ವರ್ಗ ಆಗುವವರ ಮಕ್ಕಳಿಗಾಗಿಯೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದದ್ದು. ಒಂದನೇ ಕ್ಲಾಸಿಗೆ ಆ ವರ್ಷದ ಮಾರ್ಚ್ 31ಕ್ಕೆ ಆರು ತುಂಬಿರಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಹೆಚ್ಚಾಗಿ ಮಾರ್ಚ್ ಏಪ್ರಿಲ್ ಹೊತ್ತಿಗೆ. ಯಜಮಾನರ ಸರ್ವಿಸ್ ಸರ್ಟಿಫಿಕೇಟ್ ಬೇಕು, ಅದರಲ್ಲಿ ಹಿಂದಿನ ಏಳು ವರ್ಷದಲ್ಲಿ ಎಷ್ಟು ಸಲ ವರ್ಗ ಆಯಿತು ಅಂತ ಇರಬೇಕು. ಅದರ ಮೇಲೆ ಆದ್ಯತೆ ನಿಲ್ಲುತ್ತದೆ. ಮಗಳ ತಾರೀಕು ಲೆಕ್ಕ ಹಾಕಿ ನೋಡಿ. ಈ ವರ್ಷ ವಯಸ್ಸು ಸಾಲದಿದ್ದರೆ ಸ್ಟೇಷನ್‌ನಲ್ಲೇ ಚಿಕ್ಕ ಮಕ್ಕಳ ಸ್ಕೂಲು ಇರುತ್ತದೆ, ಒಂದು ವರ್ಷ ಅಲ್ಲಿ ಆಡಿಕೊಂಡು ಹಿಂದಿ ಕಲಿಯಲಿ. ಮಕ್ಕಳು ಮೂರು ತಿಂಗಳಲ್ಲಿ ಕಲಿತುಬಿಡುತ್ತಾರೆ. ನೀವು ಎಂಇಎಸ್ ಆಫೀಸಿಗೆ ಹೋಗುವಾಗ ಅವಳೇ ನಿಮ್ಮ ದುಭಾಷಿ ಆಗುತ್ತಾಳೆ, ನೋಡಿ.

ಆದರೆ ಅಲ್ಲಿನ ಸ್ಕೂಲಿನಲ್ಲಿ ಕನ್ನಡ ಇರುವುದಿಲ್ಲ. ಇದನ್ನು ನಾನು ಮೈಮರೆತೆ. ಮನೆಯಲ್ಲಿ ಮಾತಾಡುತ್ತೇವಲ್ಲ, ಸಾಕು ಅಂದುಕೊಂಡೆ. ಇವತ್ತು ನನ್ನ ಮಗ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಆದರೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದಲಾರದೆ ಪಕ್ಕದವರನ್ನು ಕೇಳುತ್ತಾನೆ. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನೀವು ಒಂದು ಸ್ಲೇಟು, ಒಂದನೇ ಎರಡನೇ ಕ್ಲಾಸಿನ ಕನ್ನಡ ಪಠ್ಯಪುಸ್ತಕ ತಗೊಂಡು ಹೋಗಿ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ, ಅಷ್ಟೇ. ಓದಲು ಬಂದ ಮೇಲೆ ವಾರಕ್ಕೊಂದು ಕಾಗದ ಅಜ್ಜಿಗೆ ಬರೆಯಲಿ.

ಟ್ರಂಕ್‌ಗೆ ಏನು ತುಂಬಬೇಕು ಅಂತ ಕೇಳಿದ್ದೀರಿ. ಅವರ ಹತ್ತಿರ ಆ ಕಪ್ಪು ಕಬ್ಬಿಣದ ಟ್ರಂಕ್ ಇರುತ್ತದಲ್ಲ, ಬಿಳಿ ಪೇಂಟಿನಲ್ಲಿ ನಂಬರು, ಹೆಸರು ಬರೆದದ್ದು. ಅದರಲ್ಲಿ ಪಾತ್ರೆ ಜಾಸ್ತಿ ತುಂಬಬೇಡಿ. ಪಾತ್ರೆ, ಬಕೆಟ್, ಕುಕ್ಕರ್, ಮಿಕ್ಸಿ ಎಲ್ಲ ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅಲ್ಲಿ ಸಿಗದ್ದು ಏನು ಅಂತ ಯೋಚನೆ ಮಾಡಿ. ಮುದ್ದೆ ಕೋಲು ಸಿಗುವುದಿಲ್ಲ, ಅದನ್ನು ಮೊದಲು ಇಡಿ. ರಾಗಿ ಹಿಟ್ಟು ಐದು ಕೆಜಿ ಸಾಕು, ಜಾಸ್ತಿ ಒಯ್ದರೆ ಬೇಸಿಗೆಯಲ್ಲಿ ಹುಳು ಬೀಳುತ್ತದೆ, ಕಹಿಯಾಗುತ್ತದೆ. ಉಳಿದದ್ದು ಕಾಳಾಗಿಯೇ ಒಯ್ಯಿರಿ. ಚೊಕ್ಕ ಮಾಡಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಅಲ್ಲಿನ ಗೋಧಿ ಗಿರಣಿಯವರು ಬೀಸಿಕೊಡುತ್ತಾರೆ, ಆದರೆ ಮೊದಲ ಒಂದೆರಡು ಹಿಡಿ ಗೋಧಿ ಬೆರೆತು ಬರುತ್ತದೆ. ಅದನ್ನು ಬೇರೆ ತೆಗೆದು ರೊಟ್ಟಿಗೆ ಹಾಕಿ. ಹುಣಸೆಹಣ್ಣು, ಹುರುಳಿಕಾಳು, ಒಣಗಿಸಿದ ಅವರೆಕಾಳು, ಸಾರಿನ ಪುಡಿ, ಮಾವಿನ ಉಪ್ಪಿನಕಾಯಿ ಒಯ್ಯಿರಿ. ಉಪ್ಪಿನಕಾಯಿ ಎರಡು ಜಾಡಿ ಇರಲಿ, ಒಂದು ಪಕ್ಕದ ಮನೆಗೆ.

ಸ್ವೆಟರ್, ರಜಾಯಿ ಇಲ್ಲಿ ಕೊಳ್ಳಬೇಡಿ. ನಮ್ಮ ಕೋಲಾರದ ಚಳಿಗೆ ಮಾರುವ ಸ್ವೆಟರ್ ಅಲ್ಲಿಯ ಡಿಸೆಂಬರ್ ಜನವರಿಗೆ ಸಾಲದು. ಅಲ್ಲೇ ಒಳ್ಳೆಯದು ಸಿಗುತ್ತದೆ. ಚಳಿಯ ವಿಷಯದಲ್ಲಿ ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿ ಅಂಗೀಠಿ ಅಂತ ಇದ್ದಿಲ ಒಲೆ ಹಚ್ಚಿ ಕೋಣೆ ಬೆಚ್ಚಗೆ ಮಾಡಿಕೊಳ್ಳುವವರಿದ್ದಾರೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಇಟ್ಟುಕೊಂಡು ಮಲಗಬೇಡಿ, ಯಾರು ಏನೇ ಹೇಳಲಿ. ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಬಾತ್‌ರೂಮಿನ ಗ್ಯಾಸ್ ಗೀಸರ್‌ಗೂ ಇದೇ ಮಾತು, ಕಿಟಕಿ ತೆಗೆದೇ ಇರಬೇಕು. ಕರೆಂಟ್ ಹೀಟರ್ ಕೊಳ್ಳಿ, ಮಲಗುವ ಮುಂಚೆ ಆರಿಸಿ.

ಈಗ ಆ ಮೂರು ವಿವರ ಯಾಕೆ ತೆಗೆದೆ ಅಂತ ಹೇಳುತ್ತೇನೆ. ಯಾವ ಯೂನಿಟ್, ಯಾವ ಊರಲ್ಲಿ, ಯಾವ ದಿನ ಎಲ್ಲಿಗೆ ಹೊರಡುತ್ತದೆ ಅನ್ನುವುದು ಬೇರೆಯವರಿಗೆ ಬೇಕಾದ ಮಾಹಿತಿ. ನೀವು ಒಂದು ಚೂರು ಹೇಳುತ್ತೀರಿ, ಇನ್ನೊಬ್ಬಳು ಇನ್ನೊಂದು ಚೂರು ಹೇಳುತ್ತಾಳೆ, ಕೂಡಿಸುವವರು ಕೂಡಿಸುತ್ತಾರೆ. "ನಮ್ಮವರು ನಾಳೆ ಹೊರಡ್ತಾರೆ" ಅಂತ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಬೇಡಿ. ಗೇಟು, ಗಾಡಿ, ಯೂನಿಟ್ ಬೋರ್ಡು ಕಾಣುವ ಫೋಟೋ ಬೇಡ. "ಹೆಡ್‌ಕ್ವಾರ್ಟರ್ಸ್‌ನಿಂದ ಮಾತಾಡ್ತಾ ಇದ್ದೀವಿ, ನಿಮ್ಮ ಗಂಡ ಎಲ್ಲಿದ್ದಾರೆ" ಅಂತ ಯಾರಾದರೂ ಫೋನ್ ಮಾಡಿದರೆ ಏನೂ ಹೇಳದೆ ಇಟ್ಟುಬಿಡಿ, ಯೂನಿಟ್‌ಗೆ ತಿಳಿಸಿ. ಊರಿನ ನೆಂಟರಿಗೂ "ಉತ್ತರದ ಕಡೆ ಇದ್ದೀವಿ, ಚೆನ್ನಾಗಿದ್ದೀವಿ" ಅಂದರೆ ಸಾಕು.

ಅತ್ತೆಯವರ ವಿಷಯ. ಏಳು ವರ್ಷ ಜೊತೆಗಿದ್ದು ಬಿಟ್ಟು ಹೋಗುವಾಗ ಕಾಲು ಎಳೆಯುವುದು ಸಹಜ. ನನ್ನ ಅಭಿಪ್ರಾಯ ಕೇಳಿದರೆ, ಹೋಗಿ. ಪೀಸ್ ಪೋಸ್ಟಿಂಗ್ ಎರಡು ಮೂರು ವರ್ಷ ಅಷ್ಟೇ, ಆಮೇಲೆ ಮತ್ತೆ ಫೀಲ್ಡ್ ಬರುತ್ತದೆ. ಮಗಳಿಗೆ ಅಪ್ಪನ ಜೊತೆ ಒಂದೇ ಮನೆಯಲ್ಲಿರುವ ವರ್ಷಗಳು ಇವೇ. ಹೋಗುವ ಮುಂಚೆ ಅತ್ತೆಗೆ ಒಂದು ಏರ್ಪಾಡು ಮಾಡಿ. ಅವರ ಆದಾಯ ಮಿತಿಯೊಳಗಿದ್ದು ಮಗನನ್ನೇ ನಂಬಿಕೊಂಡಿದ್ದರೆ, ಅವರ ಹೆಸರಲ್ಲೂ ಡಿಪೆಂಡೆಂಟ್ ಕಾರ್ಡ್ ಆಗುತ್ತದೆ. ಆಗ ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಯಲ್ಲಿ ತೋರಿಸಬಹುದು. ತಿಂಗಳ ಶುಗರ್ ಮಾತ್ರೆಗೆ ಅಷ್ಟು ದೂರ ಅಲೆಯುವುದು ಬೇಡ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೂ ಕೊಡುತ್ತಾರೆ. ನಾದಿನಿಯೋ, ಪಕ್ಕದ ಮನೆಯವರೋ ದಿನಕ್ಕೊಮ್ಮೆ ಬಾಗಿಲು ತಟ್ಟುವ ಹಾಗೆ ಹೇಳಿ ಹೋಗಿ. ದಸರಾ ಕಳೆದ ಮೇಲೆ ಒಂದು ತಿಂಗಳು ಅವರನ್ನೇ ಅಲ್ಲಿಗೆ ಕರೆಸಿಕೊಳ್ಳಿ. ಬಿಸಿಲೂ ಇರುವುದಿಲ್ಲ, ಚಳಿಯೂ ಹತ್ತಿರುವುದಿಲ್ಲ. ಗೇಟಿನಲ್ಲಿ ಆಧಾರ್ ಕೇಳುತ್ತಾರೆ, ಪಾಸ್ ಮೊದಲೇ ಮಾಡಿಸಿ.

ಒಬ್ಬಳೇ ಹೇಗಿರಲಿ ಅಂತ ಕೇಳಿದಿರಿ. ಯೂನಿಟ್ ಎಕ್ಸರ್‌ಸೈಜ್‌ಗೆ ಹೋದಾಗ ಎಲ್ಲರೂ ಹೋಗುವುದಿಲ್ಲ. ರಿಯರ್ ಪಾರ್ಟಿ ಅಂತ ಸ್ವಲ್ಪ ಜನ ಉಳಿಯುತ್ತಾರೆ. ಹಿಂದೆ ಉಳಿದ ಸಂಸಾರಗಳನ್ನು ನೋಡಿಕೊಳ್ಳುವುದು ಅವರ ಕೆಲಸವೂ ಹೌದು. ಯಜಮಾನರು ಹೊರಡುವ ಹಿಂದಿನ ದಿನ ಅಲ್ಲಿನ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಸಾಹೇಬರ ನಂಬರು, ಎಂಎಚ್ ನಂಬರು, ಎಂಇಎಸ್ ನಂಬರು, ಗ್ಯಾಸ್ ನಂಬರು, ನಾಲ್ಕನ್ನೂ ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ ಅಡಿಗೆ ಮನೆ ಬಾಗಿಲ ಹಿಂದೆ ಅಂಟಿಸಿ. ಮೊಬೈಲ್ ಚಾರ್ಜ್ ಹೋದಾಗ ಆ ಹಾಳೆಯೇ ಗತಿ. ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಇರಲಿ, ನೀವೇ ಒಂದು ಸಲ ದುಡ್ಡು ತೆಗೆದು ನೋಡಿರಿ. ಅವರ ಫೋನ್ ನಾಲ್ಕು ದಿನ ಸಿಗದಿದ್ದರೆ ಗಾಬರಿ ಬೇಡ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಆ ದಿನಗಳಲ್ಲಿ ಸಾಲಿನ ಹೆಂಗಸರೆಲ್ಲ ಸಂಜೆ ಹೊರಗೆ ಕೂರುತ್ತಾರೆ. ನೀವೂ ಅವರೆಕಾಳು ಹಿಚುಕುವುದಿದ್ದರೆ ತಟ್ಟೆ ತಗೊಂಡು ಅಲ್ಲೇ ಹೋಗಿ ಕೂತುಕೊಳ್ಳಿ. ಮುಂದೆ ಅವರು ಮತ್ತೆ ಫೀಲ್ಡ್‌ಗೆ ಹೋದರೂ ನೀವು ಊರಿಗೇ ವಾಪಸ್ ಬರಬೇಕು ಅಂತೇನಿಲ್ಲ. ಕೆಲವು ಸ್ಟೇಷನ್‌ಗಳಲ್ಲಿ ಗಂಡ ಜೊತೆಗಿಲ್ಲದ ಸಂಸಾರಗಳಿಗೇ ಬೇರೆ ಕ್ವಾರ್ಟರ್ಸ್ ಇವೆ. ಮಗಳ ಓದು ನಡುವೆ ನಿಲ್ಲಬಾರದು ಅಂದರೆ ಅದಕ್ಕೆ ಅರ್ಜಿ ಹಾಕಿಸಿ.

ಈಗಾಗಲೇ ಕ್ವಾರ್ಟರ್ಸ್‌ನಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳೂ ಇದನ್ನು ಓದುತ್ತಿದ್ದೀರಿ, ನಿಮಗೂ ಒಂದು ಮಾತು. ನನ್ನ ಎರಡನೇ ಸ್ಟೇಷನ್‌ಗೆ ನಾವು ತಲುಪಿದಾಗ ಸಂಜೆ ಏಳು ಗಂಟೆ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಮಗು ಅಳುತ್ತಿತ್ತು. ಆಗ ಪಕ್ಕದ ಮನೆಯಿಂದ ಕಡಪಾ ಕಡೆಯ ಒಬ್ಬರು ಎರಡು ಬಕೆಟ್ ನೀರು ತಂದಿಟ್ಟರು. ಹಿಂದೆಯೇ ಸ್ಟೀಲ್ ಕ್ಯಾರಿಯರ್‌ನಲ್ಲಿ ಬಿಸಿ ಅನ್ನ, ಪಪ್ಪು. "ಇಲ್ಲಿ ನೀರು ಬೆಳಿಗ್ಗೆ ಐದಕ್ಕೆ ಬಂದು ಏಳಕ್ಕೆ ಹೋಗುತ್ತೆ, ಸಂಜೆ ನಾಲ್ಕಕ್ಕೆ ಬಂದು ಆರಕ್ಕೆ ಹೋಗುತ್ತೆ" ಅಂತ ತೆಲುಗಿನಲ್ಲಿ ಹೇಳಿ, ಹೆಸರೂ ಹೇಳದೆ ಹೋದರು. ನಿಮ್ಮ ಸಾಲಿನಲ್ಲಿ ಖಾಲಿ ಮನೆಯ ಮುಂದೆ ಟ್ರಂಕ್ ಇಳಿಯುವುದು ಕಂಡರೆ, ನಾಳೆ ಮಾತಾಡಿಸೋಣ ಅಂತ ಬಿಡಬೇಡಿ. ಅವತ್ತೇ ಸಂಜೆ ಹೋಗಿ ನೀರು ಬರುವ ಹೊತ್ತು ಹೇಳಿ ಬನ್ನಿ.